ಬೆಣ್ಣೆ, ಸುಣ್ಣ

ಮೊದಲ ಸಲ ಹಾಲು ಕುಡಿಸಿದ ದಿನ ಮಗುವಿನ ತುಟಿ
ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.
ಆ ಬಟ್ಟಲನ್ನು ಹೆನೊವೇವಾ ಮತ್ತೆ ಒಲೆಯ ಹತ್ತಿರ ತಂದಿಲ್ಲ,
ಬಿಸಾಕಿಯೂ ಇಲ್ಲ.
ಅದರಲ್ಲೀಗ ಗುಂಡಿ, ಸೂಜಿ, ಬಸ್ಸಿನ ಚಿಲ್ಲರೆ.

ತ್ಲಾಶಿಯಾಕೊ ಆಸ್ಪತ್ರೆಯ ಚೀಟಿಯಲ್ಲಿ ಬರೆದಿದೆ:
ಕ್ಯಾಲ್ಸಿಯಂ, ದಿನಕ್ಕೆ ಸಾವಿರ ಮಿಲಿಗ್ರಾಂ.
ಸಾವಿರ ಅಂದರೆ ಎಷ್ಟು ಎಂದು
ಶನಿವಾರದ ಸಂತೆಯಲ್ಲಿ ತಕ್ಕಡಿಯವನನ್ನು ಕೇಳಿದಳು.
ಒಂದು ಗ್ರಾಂ ತಾಯಿ, ಅಂದ ಅವನು,
ಅಷ್ಟಕ್ಕೆಲ್ಲ ನನ್ನ ಮುಳ್ಳು ಅಲುಗುವುದಿಲ್ಲ.

ಅಲುಗದ ಆ ಒಂದು ಗ್ರಾಂ
ಅವಳ ನಿದ್ದೆಯ ಮೇಲೆ ಬೀಸುವ ಕಲ್ಲಾಗಿ ಕೂತಿತು.

ಎಳ್ಳು ಹುರಿದಳು. ಹುರುಳಿಯ ಸಾರಿಗೆ ಹರಿವೆ ಸೊಪ್ಪು ಹೆಚ್ಚಿ ಹಾಕಿದಳು.
ಕಿರುಬೆರಳಷ್ಟೇ ಉದ್ದದ ಒಣಮೀನು ತಂದಳು,
ಮುಳ್ಳು ಸಮೇತ, ಕಣ್ಣು ಸಮೇತ ಅಗಿಯುವಂಥದ್ದು.
ಮೀನು ತನ್ನನ್ನೇ ನೋಡುತ್ತಿದೆ ಎಂದ ಅನ್ಸೆಲ್ಮೊ.
ಸೊಪ್ಪನ್ನು ಒಂದೊಂದೇ ಎಸಳು ಹೆಕ್ಕಿ
ಮೇಜಿನ ಕೆಳಗೆ ದಾಟಿಸಿದ.
ಆ ವರ್ಷ ನಾಯಿಯ ಎಲುಬು ಬಲು ಗಟ್ಟಿಯಾಯಿತು.

ಅಕ್ಕ ರುಫಿನಾಳಿಗೆ ಬೆಳಿಗ್ಗೆ ಒಂದು ಲೋಟ ಹಾಲು,
ಹಿತ್ತಲ ಕಟ್ಟೆಯ ಮೇಲೆ ಕೂತು, ಬೇರೆ ಲೋಟದಲ್ಲಿ.
ಕುಡಿದು ಮೂತಿ ತೊಳೆದೇ ತಮ್ಮನಿಗೆ ಮುತ್ತಿಡಬೇಕು.
ಅತ್ತೆ ಪೊನ್ಸಿಯಾನಾ ಗೊಣಗುತ್ತಾಳೆ:
ಹಾಲಿಲ್ಲದ ಹುಡುಗ, ಹಿಟ್ಟಿನ ಎಲುಬು.

ಚೀಟಿ ಬರೆದ ಹುಡುಗಿ, ಇನ್ನೂ ಹಲ್ಲಿಗೆ ತಂತಿ ಕಟ್ಟಿಕೊಂಡವಳು,
ಮುಂದಿನ ಸಲ ಹೋದಾಗ ಕೇಳಿದಳು:
ರೊಟ್ಟಿ ಅಂಗಡಿಯದೋ, ಮನೆಯದೋ?
ಮನೆಯದು. ರಾತ್ರಿ ಸುಣ್ಣದ ನೀರಲ್ಲಿ ಜೋಳ ಬೇಯಿಸಿ...
ಹಾಗಾದರೆ ಎಷ್ಟೋ ದಾರಿ ನಡೆದೇ ಬಿಟ್ಟಿದ್ದೀರಿ,
ಯಾರೂ ನಿಮಗೆ ಹೇಳಲಿಲ್ಲವೇ?

ಯಾರು ಹೇಳಬೇಕಿತ್ತು?
ಸುಣ್ಣದ ಕಲ್ಲು ಹೇಳಬಹುದಿತ್ತು,
ಬೂದಿಬಣ್ಣದ ಮುದ್ದೆ, ನೀರು ಬಿದ್ದೊಡನೆ ಸುಯ್ಯೆಂದು
ಬಿರಿದು, ಹೊಗೆಯಾಡಿ, ಅರಳುವುದು.
ಅಜ್ಜಿ ಕಲಿಸಿದ ಅಳತೆ: ನೀರಿನ ಹನಿ ನಾಲಿಗೆಗೆ ಚುರ್ ಅನ್ನಬೇಕು,
ಕಚ್ಚಬಾರದು.
ಬೆಳಗಾಗುವಾಗ ಕಾಳಿನ ಸಿಪ್ಪೆ ಬೆರಳಿಗೆ ಕಳಚಿ ಬರುತ್ತದೆ.
ಮೂರು ನೀರಲ್ಲಿ ತೊಳೆದು ಗಿರಣಿಗೆ.
ಮಣ್ಣಿನ ಹಂಚಿಗೂ ಸುಣ್ಣದ ತಿಳಿ ಬಳಿಯುತ್ತಾಳೆ, ರೊಟ್ಟಿ ಅಂಟದಿರಲೆಂದು.
ಇಷ್ಟು ವರ್ಷ ಅದು ಬರೀ ಅಡುಗೆಯಾಗಿತ್ತು.

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ:
ಮಕ್ಕಳಲ್ಲಿ ಭೇದ ಮಾಡುವ ತಾಯಿಗೆ ನಮ್ಮಲ್ಲಿ ಆಡುವ ಮಾತು.
ಹೆನೊವೇವಾ ಅದನ್ನು ಕೇಳಿಲ್ಲ.
ಕೇಳಿದ್ದರೆ ಹಿಟ್ಟಿನ ಕೈ ಹಾಗೇ ಎತ್ತಿ ಹಿಡಿದು ಅಂದಾಳು:
ಸರಿ, ಇದರಲ್ಲಿ ಬೈಗುಳ ಯಾವುದು?

ಆದರೂ ಅವನು ಶಾಲೆಯ ಗೋಡೆಯಿಂದ ಹಾರಿದ.
ಮಣಿಕಟ್ಟು ಮುರಿಯಿತು.
ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ವ್ಯಾನಿನಲ್ಲಿ
ಅವಳು ತಿನ್ನಿಸದ ಮೀನುಗಳನ್ನು ಎಣಿಸುತ್ತಿದ್ದಳು,
ಪಕ್ಕದಲ್ಲಿ ಅತ್ತೆ ಏನೂ ಅನ್ನದೆ ಎಲ್ಲವನ್ನೂ ಅನ್ನುತ್ತಿದ್ದಳು.

ವೈದ್ಯ ಫೋಟೋವನ್ನು ಬೆಳಕಿಗೆ ಹಿಡಿದ.
ಕಪ್ಪಿನ ನಡುವೆ ಬೆಳ್ಳಗೆ, ಹಬ್ಬಕ್ಕೆ ಬಳಿದ ಗೋಡೆಯ ಹಾಗೆ.
ಎಲುಬು ಚೆನ್ನಾಗಿದೆ, ಅಂದ.
ಗೋಡೆ ಎಷ್ಟೆತ್ತರ?
ನನ್ನಷ್ಟು, ಅಂದ ಅನ್ಸೆಲ್ಮೊ, ಹೆಮ್ಮೆಯಿಂದ, ಕೈ ಮೇಲೆತ್ತಲು ಹೋಗಿ
ಕಿರುಚಿದ.
ಅತ್ತೆ ಫೋಟೋವನ್ನು ಕೇಳಿ ಇಸಕೊಂಡಳು.
ತಿರುವಿ ನೋಡಿದಳು, ಹಿಂದೆ ಏನಾದರೂ ಬರೆದಿದೆಯೋ ಎಂಬಂತೆ.
ಆ ರಾತ್ರಿ ಯಾರೂ ಹೇಳದೆ
ಜೋಳದ ಪಾತ್ರೆಗೆ ಸುಣ್ಣ ಹಾಕಿದವಳು ಅವಳೇ,
ಹನಿಯನ್ನು ಸೊಸೆಯ ನಾಲಿಗೆಗೆ ಮುಟ್ಟಿಸಿ ಕೇಳಿದಳು: ಸಾಕೇ?

ರುಫಿನಾ ತಮ್ಮನ ಕೈಯ ಬಿಳಿ ಪಟ್ಟಿಯ ಮೇಲೆ
ಪೆನ್ನಿನಲ್ಲಿ ಚಿತ್ರ ಬಿಡಿಸಿದಳು: ನಾಲ್ಕು ಕಾಲು, ಬಾಲ, ಕೊಂಬು.
ಹೆದರಬೇಡ ಮರಿ, ಇದು ಹಸು ಅಲ್ಲ,
ಎತ್ತು. ಬೇಕಾದರೆ ಕೆಳಗೆ ನೋಡು.
ಅವನು ಬಾಗಿ ನೋಡಿದ.
ಒಂದು ಬೆರಳಿಂದ ಮೆಲ್ಲಗೆ ಮುಟ್ಟಿದ.
ಆಮೇಲೆ ಎಷ್ಟೋ ಹೊತ್ತು
ಆ ಬೆರಳನ್ನು ಬಾಯಿಂದ ದೂರವೇ ಇಟ್ಟುಕೊಂಡಿದ್ದ.